ಕೆರೆಯಂಚಿನ ಕಾಲುದಾರಿ: ತೆರೆದಿಡಬೇಕೇ, ಬೀಗ ಹಾಕಬೇಕೇ?

ಬೆಂಗಳೂರಿನ ಯಾವುದೇ ಬಡಾವಣೆಯಲ್ಲಿ ಕೆರೆಯ ಹೂಳು ತೆಗೆದು ಸುತ್ತಲೂ ನಡಿಗೆ ದಾರಿ ಮಾಡುತ್ತಾರೆ ಎಂಬ ಸುದ್ದಿ ಬಂದರೆ, ಅಲ್ಲಿನ ಕ್ಷೇಮಾಭಿವೃದ್ಧಿ ಸಂಘದ ಮುಂದಿನ ಸಭೆ ಎರಡು ಪಾಲಾಗುತ್ತದೆ. ಮುಂಜಾನೆ ನಡೆಯಲು ಜಾಗ ಸಿಕ್ಕಿತು, ಮಕ್ಕಳಿಗೆ ನೀರುಹಕ್ಕಿ ತೋರಿಸಬಹುದು ಎಂದು ಒಂದು ಪಾಲು ಹಿಗ್ಗುತ್ತದೆ. ಹಿತ್ತಿಲ ಗೋಡೆಗೆ ತಾಗಿಕೊಂಡೇ ಅಪರಿಚಿತರು ಓಡಾಡುತ್ತಾರೆ, ರಾತ್ರಿ ಕುಡಿಯಲು ಕೂರುತ್ತಾರೆ, ಮಲಗುವ ಕೋಣೆಯೊಳಗೆ ಇಣುಕುತ್ತಾರೆ ಎಂದು ಇನ್ನೊಂದು ಪಾಲು ಅಂಜುತ್ತದೆ. ಎರಡೂ ಪಾಲಿನವರ ಮಾತಿನಲ್ಲಿ ಹುರುಳಿದೆ. ಆದರೆ ಸಭೆಯಲ್ಲಿ ಸಾಮಾನ್ಯವಾಗಿ ಗೆಲ್ಲುವುದು ಬೀಗದ ಪಕ್ಷ. ಬೀಗ ಕಣ್ಣಿಗೆ ಕಾಣುತ್ತದೆ, ತಕ್ಷಣ ಸಿಗುತ್ತದೆ, ಅದನ್ನು ಹಾಕಿದ ಸಮಿತಿ ಏನೋ ಮಾಡಿದೆ ಎನಿಸುತ್ತದೆ.

ಅಂಥ ಸಭೆಗೆ ಹೋಗಿ ಕೈಯೆತ್ತಬೇಕಾದವರಿಗಾಗಿ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕೆರೆಗೆ ಗೇಟುಗಳು ಹೆಚ್ಚಿರಬೇಕು, ಅವು ಈಗಿನದಕ್ಕಿಂತ ಹೆಚ್ಚು ಹೊತ್ತು ತೆರೆದಿರಬೇಕು, ಆದರೆ ದಾರಿ ಮಾತ್ರ ಕೆರೆಯನ್ನು ಪೂರ್ತಿ ಸುತ್ತಬಾರದು. ಬೇರೆ ಆಯ್ಕೆಗಳೂ ಇವೆ. ಕೆಲವು ಕೆರೆಗಳಿಗೆ ಅವೇ ಸರಿಹೊಂದಬಹುದು. ಯಾವುದು ಎಲ್ಲಿಗೆ ಹೊಂದುತ್ತದೆ ಎಂದು ತೂಗಿ ನೋಡಬೇಕಾದರೆ ಗೇಟಿನ ಮಾತಿಗಿಂತ ಮೊದಲು ಎರಡು ವಿಷಯಗಳು ಇತ್ಯರ್ಥವಾಗಬೇಕು.

ಮೊದಲು ಗಡಿ ಗುರುತಾಗಲಿ

ಗೇಟಿನ ಜಗಳ ಎಂದು ನಾವು ಕರೆಯುವುದರಲ್ಲಿ ಬಹುಪಾಲು ಸರ್ವೆಯ ಭಯ. ಕೆರೆಯ ಅಂಗಳ ಎಲ್ಲಿ ಮುಗಿಯುತ್ತದೆ, ತನ್ನ ನಿವೇಶನ ಎಲ್ಲಿ ಶುರುವಾಗುತ್ತದೆ ಎಂದು ಖಚಿತವಾಗಿ ತಿಳಿಯದ ಮನೆಯವರಿಗೆ, ಬೇಲಿ ಹಾಕಲು ಬಂದ ಆಳುಗಳನ್ನು ಕಂಡರೂ ಎದೆ ಹೊಡೆದುಕೊಳ್ಳುತ್ತದೆ. ಅದಕ್ಕೆ ಕಾರಣವೂ ಇದೆ. 2015ರ ಏಪ್ರಿಲ್‌ನಲ್ಲಿ ಸಾರಕ್ಕಿ ಕೆರೆಯ ಒತ್ತುವರಿ ತೆರವಾದಾಗ 30 ಎಕರೆಗೂ ಹೆಚ್ಚು ಜಾಗ ಮರಳಿ ಸರ್ಕಾರದ ಕೈಗೆ ಬಂತು. ಅದರೊಂದಿಗೆ ಸಾಲ ಮಾಡಿ ಮನೆ ಕಟ್ಟಿಕೊಂಡಿದ್ದ ಮಧ್ಯಮ ವರ್ಗದ ಕುಟುಂಬಗಳೂ ಬೀದಿಗೆ ಬಂದವು. 2016ರ ಮಳೆಗಾಲದ ನೆರೆಯ ನಂತರ ಅವನಿ ಶೃಂಗೇರಿ ನಗರದಲ್ಲಿ ಮಳೆನೀರಿನ ದೊಡ್ಡ ಕಾಲುವೆಯಾದ ರಾಜಕಾಲುವೆಗಾಗಿ ಮನೆಗಳನ್ನು ಕೆಡವಿದಾಗ, ನಕ್ಷೆಗೆ ಮಂಜೂರಾತಿ ಇದೆ ಎಂದು ಕಾಗದ ಹಿಡಿದು ನಿಂತವರ ಗೋಳು ಊರಿಗೆಲ್ಲ ಕೇಳಿಸಿತು. ಇಂಥವನ್ನು ಕಂಡವರು ನಡಿಗೆ ದಾರಿಯನ್ನು ವಿರೋಧಿಸಿದರೆ, ಅವರನ್ನು ಸ್ವಾರ್ಥಿಗಳು ಎಂದು ತಳ್ಳಿಹಾಕುವುದು ಅನ್ಯಾಯ.

ಆದ್ದರಿಂದ ಮೊದಲ ಕೆಲಸ ಗ್ರಾಮ ನಕಾಶೆ ತರಿಸುವುದು. ಅದರಲ್ಲಿ ಕೆರೆಯ ಸರ್ವೆ ನಂಬರು, ಏರಿ (ನೀರು ತಡೆಯುವ ಮಣ್ಣಿನ ಕಟ್ಟೆ), ಕೋಡಿ (ಹೆಚ್ಚಾದ ನೀರು ಹೊರಹೋಗುವ ಜಾಗ), ಕಾಲುವೆಗಳ ಜೊತೆಗೆ ಹಳೆಯ ಕಾಲುದಾರಿ, ಬಂಡಿದಾರಿಗಳೂ ಚುಕ್ಕೆಗೆರೆಯಲ್ಲಿ ಇರುತ್ತವೆ. ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರು ನೋಡಿಕೊಳ್ಳಬಹುದು. ಅಂದಾಜಿಗೆ ಅದು ಒಳ್ಳೆಯದು, ಆದರೆ ಗೋಡೆ ಒಡೆಯುವ ಅಥವಾ ಉಳಿಸುವ ತೀರ್ಮಾನಕ್ಕೆ ಸರ್ಕಾರಿ ಭೂಮಾಪಕರ ಅಳತೆಯೇ ಬೇಕು. ಗಡಿಕಲ್ಲು ನೆಟ್ಟು, ಮಹಜರಿಗೆ ಅಕ್ಕಪಕ್ಕದವರ ಸಹಿ ಹಾಕಿಸಿದ ಮೇಲೆ ಅರ್ಧ ಜಗಳ ತಾನೇ ತಣ್ಣಗಾಗುತ್ತದೆ. ತನ್ನ ಗೋಡೆ ಸುರಕ್ಷಿತ ಎಂದು ತಿಳಿದವರು ಗೇಟಿನ ಬಗ್ಗೆ ಮನಸ್ಸು ತೆರೆದು ಮಾತಾಡುತ್ತಾರೆ.

ಕಾನೂನಿನ ತಳಪಾಯವೂ ಗೊತ್ತಿರಲಿ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ಕೆರೆಯಂಗಳ ಸರ್ಕಾರದ್ದು. ಇಂಥ ನೈಸರ್ಗಿಕ ಸಂಪತ್ತನ್ನು ಸರ್ಕಾರ ಜನರ ಪರವಾಗಿ ಕಾಯುವ ಧರ್ಮದರ್ಶಿಯಷ್ಟೇ ಎಂದು ಸುಪ್ರೀಂ ಕೋರ್ಟು ಬಿಯಾಸ್ ನದಿ ದಡದ ಪ್ರಕರಣದಲ್ಲಿ 1996ರಲ್ಲಿ ಹೇಳಿತು. ಕೆರೆಯ ಸುತ್ತ ಕಟ್ಟಡ ಕಟ್ಟದೆ ಬಿಡಬೇಕಾದ ಮೀಸಲು ಪಟ್ಟಿಯ (ಬಫರ್ ವಲಯದ) ಕತೆ ಇನ್ನಷ್ಟು ಏಳುಬೀಳಿನದು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು 75 ಮೀಟರಿಗೆ ಏರಿಸಿತು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟು ಆ ಆದೇಶವನ್ನು ಬದಿಗಿಟ್ಟಿತು, ನಗರದ ಮಹಾಯೋಜನೆಯ (ಮಾಸ್ಟರ್ ಪ್ಲಾನ್) 30 ಮೀಟರು ಮರಳಿ ಬಂತು. 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಒಪ್ಪಿದ ತಿದ್ದುಪಡಿ ಮಸೂದೆಯಲ್ಲಿ ಕೆರೆ ಚಿಕ್ಕದಾದಷ್ಟೂ ಪಟ್ಟಿ ಕಿರಿದಾಗುತ್ತದೆ. ಇದರ ಪರಿಣಾಮ ನಮ್ಮ ವಿಷಯಕ್ಕೆ ನೇರವಾಗಿ ತಟ್ಟುತ್ತದೆ. ನೀರಂಚಿನ ಜೊಂಡು, ನಡೆಯುವ ದಾರಿ, ಮನೆಗಳಿಗೆ ಮರೆಯಾಗುವ ಗಿಡಸಾಲು ಈ ಮೂರಕ್ಕೂ 30 ಮೀಟರಿನಲ್ಲಿ ಧಾರಾಳವಾಗಿ ಜಾಗವಿದೆ. ಐದಾರು ಮೀಟರಿನಲ್ಲಿ ಒಂದನ್ನು ಉಳಿಸಿದರೆ ಇನ್ನೊಂದು ಹೋಗುತ್ತದೆ. ಮನೆಯ ಏಕಾಂತ ಬೇಕೆನ್ನುವವರು ಈ ಪಟ್ಟಿ ಅಗಲವಾಗಿರಲಿ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೇಳಬೇಕು. ಸಭೆಗಳಲ್ಲಿ ಇದನ್ನು ಯಾರೂ ಅವರಿಗೆ ಹೇಳುವುದಿಲ್ಲ.

ಭಯಗಳನ್ನು ಬೇರೆ ಬೇರೆ ಮಾಡಿ ನೋಡಿ

“ಸುರಕ್ಷತೆ” ಎಂಬ ಒಂದೇ ಮಾತಿನಲ್ಲಿ ಕನಿಷ್ಠ ನಾಲ್ಕು ಬೇರೆ ಆತಂಕಗಳು ಅಡಗಿರುತ್ತವೆ. ನಾಲ್ಕಕ್ಕೂ ಒಂದೇ ಬೀಗ ಮದ್ದಾಗುವುದಿಲ್ಲ.

ಕಳ್ಳತನದ ಭಯ ಮೊದಲನೆಯದು. ಕಳ್ಳನಿಗೆ ಬೇಕಾದದ್ದು ಯಾರೂ ನೋಡದ ಜಾಗ. ಎರಡಾಳೆತ್ತರದ ಕಲ್ಲುಗೋಡೆ, ಅದರ ಹಿಂದೆ ಜನರಿಲ್ಲದ ದಾರಿ ಇದ್ದರೆ ಅವನಿಗೆ ಅದಕ್ಕಿಂತ ಅನುಕೂಲವಿಲ್ಲ. ಗೋಡೆ ಹತ್ತಿ ಒಳಗಿಳಿದ ಮೇಲೆ ಮನೆಯವರಿಗೂ ಕಾಣುವುದಿಲ್ಲ, ದಾರಿಯಲ್ಲಿ ಹೋಗುವವರಿಗೂ ಕಾಣುವುದಿಲ್ಲ. ಸೊಂಟದೆತ್ತರದವರೆಗೆ ಗೋಡೆ, ಅದರ ಮೇಲೆ ಕಂಬಿಯ ಜಾಲರಿ ಇದ್ದರೆ ಎರಡೂ ಕಡೆಯ ಕಣ್ಣುಗಳು ಕೆಲಸ ಮಾಡುತ್ತವೆ. ಗೋಡೆಯ ಬುಡಕ್ಕೆ ಕವಳಿಯಂಥ ಮುಳ್ಳಿನ ಗಿಡ ಹಾಕಿದರೆ ಗಾಜಿನ ಚೂರಿಗಿಂತ ಚೆನ್ನಾಗಿ ಕಾಯುತ್ತದೆ, ನೋಡಲೂ ಚೆನ್ನ.

ಹೆಣ್ಣುಮಕ್ಕಳ ಭಯ ಇದಕ್ಕಿಂತ ಬೇರೆ. ಅಲ್ಲಿ ಪ್ರಶ್ನೆ ಒಳಗೆ ಯಾರು ಬರುತ್ತಾರೆ ಎಂಬುದಲ್ಲ, ತೊಂದರೆಯಾದರೆ ಹೊರಗೆ ಹೋಗುವುದು ಹೇಗೆ ಎಂಬುದು. ಎರಡು ಕಿಲೋಮೀಟರಿನ ಸುತ್ತುದಾರಿಗೆ ಒಂದೇ ಗೇಟಿದ್ದರೆ, ಹಿಂಬಾಲಿಸಿ ಬರುವವನಿಂದ ತಪ್ಪಿಸಿಕೊಳ್ಳಲು ಒಂದು ಕಿಲೋಮೀಟರು ನಡೆಯಬೇಕು. ಸುರಕ್ಷತೆಗಾಗಿ ಎಂದು ಹಾಕಿದ ಬೇಲಿಯೇ ಆಗ ಅವಳನ್ನು ಕಟ್ಟಿಹಾಕುತ್ತದೆ. ಒಂದೇ ಗೇಟು, ಒಬ್ಬ ಕಾವಲುಗಾರ ಇದ್ದರೆ ನಿಗಾ ಸುಲಭ ಎಂಬ ವಾದವನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ. ಆ ಕಾವಲುಗಾರನಿಗೆ ಕಾಣುವುದು ಗೇಟಿನ ಸುತ್ತಲಿನ ಜಾಗ ಮಾತ್ರ.

ಮೂರನೆಯದು ನೀರಿನ ಅಪಾಯ. 2024ರ ಅಕ್ಟೋಬರ್‌ನಲ್ಲಿ ಕೆಂಗೇರಿ ಕೆರೆಗೆ ನೀರು ತರಲು ಹೋದ ಅಣ್ಣ ತಂಗಿ ಮುಳುಗಿ ತೀರಿಕೊಂಡರು. ಇಂಥ ಸುದ್ದಿ ಬಂದಾಗಲೆಲ್ಲ ಬೇಲಿ ಎತ್ತರಿಸಿ ಎಂಬ ಕೂಗು ಏಳುತ್ತದೆ. ಕೂಗುವವರ ಸಂಕಟ ನಿಜವಾದದ್ದು. ಆದರೆ ದಡದ ಇಳಿಜಾರಿನ ಬಗ್ಗೆ ಯಾರೂ ಕೇಳುವುದಿಲ್ಲ. ಹಳೆಯ ಕೆರೆಗಳಲ್ಲಿ ಏರಿಯ ಕಡೆ ಮಾತ್ರ ಆಳ, ಉಳಿದ ಕಡೆ ನೆಲ ನಿಧಾನವಾಗಿ ನೀರಿಗಿಳಿಯುತ್ತಿತ್ತು. ದನ ಇಳಿದು ನೀರು ಕುಡಿದು ಹತ್ತಿ ಬರುತ್ತಿತ್ತು. ಪುನಶ್ಚೇತನದ ಹೆಸರಿನಲ್ಲಿ ಕೆರೆಯನ್ನು ಬೋಗುಣಿಯ ಹಾಗೆ ತೋಡಿ, ಸುತ್ತಲೂ ದಿಬ್ಬ ಏರಿಸಿ, ಕಡಿದಾಗಿ ಕಲ್ಲು ಜೋಡಿಸಿದ ಮೇಲೆ ಕಾಲು ಜಾರಿದವರಿಗೆ ಹಿಡಿದು ಮೇಲೆ ಬರಲು ಏನೂ ಇಲ್ಲ. ಮೊದಲ ಹೆಜ್ಜೆಯಲ್ಲೇ ಆಳ. ಬೇಲಿಗೆ ಹಾಕುವ ಹಣದ ಒಂದು ಪಾಲನ್ನು ದಡ ತಗ್ಗಿಸಲು, ಅಲ್ಲಲ್ಲಿ ಮೆಟ್ಟಿಲು ಕಟ್ಟಲು, ಹಗ್ಗ ಕಟ್ಟಿದ ತೇಲುಬಳೆಗಳನ್ನು ಕಂಬಕ್ಕೆ ನೇತುಹಾಕಲು ಬಳಸಿದರೆ ಹೆಚ್ಚು ಜೀವ ಉಳಿಯುತ್ತವೆ. ಕೊಡ ಹಿಡಿದು ಕೆರೆಗೆ ಬರುವ ಮನೆಗಳಿಗೆ ನಲ್ಲಿ ನೀರು ಕೊಡುವುದು ಎಲ್ಲಕ್ಕಿಂತ ಮೊದಲ ಸುರಕ್ಷತಾ ಕ್ರಮ.

ಏಕಾಂತ ಮತ್ತು ಆಸ್ತಿಯ ಬೆಲೆ ಕೊನೆಯದು. ಏರಿಯ ಮಟ್ಟಕ್ಕಿಂತ ಕೆಳಗಿರುವ ಮನೆಗಳವರ ದೂರು ಪೂರ್ತಿ ನ್ಯಾಯವಾದದ್ದು. ಏರಿಯ ಮೇಲೆ ನಡೆಯುವವರ ಕಣ್ಣು ನೇರವಾಗಿ ಅವರ ಕಿಟಕಿಗೆ ಬೀಳುತ್ತದೆ. ಅಂಥ ಕಡೆ ದಾರಿಯನ್ನು ನೀರಿನ ಪಕ್ಕಕ್ಕೆ ಸರಿಸಿ, ಮನೆಗಳ ಕಡೆಗೆ ಲಕ್ಕಿ, ಆಡುಸೋಗೆಯಂಥ, ಆಡುಕುರಿ ಅಷ್ಟಾಗಿ ಮುಟ್ಟದ ಗಿಡಗಳ ಸಾಲು ಬೆಳೆಸಬೇಕು. ದಾರಿಯ ಅಂಚಿನಲ್ಲಿ ಸೊಂಟದೆತ್ತರಕ್ಕೆ ಕತ್ತರಿಸಿ, ಮನೆಯ ಕಡೆ ಎತ್ತರ ಬಿಟ್ಟರೆ ನೋಟವೂ ತೆರೆದಿರುತ್ತದೆ, ಕಿಟಕಿಗೂ ಮರೆ ಸಿಗುತ್ತದೆ. ಬೆಲೆಯ ಮಾತು ಬೇರೆ. ಕೆರೆ ಕಾಣುತ್ತದೆ ಎಂಬ ಕಾರಣಕ್ಕೇ ಫ್ಲ್ಯಾಟುಗಳು ಹೆಚ್ಚಿನ ಬೆಲೆಗೆ ಮಾರಾಟವಾಗುತ್ತವೆ. ಸಾರ್ವಜನಿಕ ಹಣದಲ್ಲಿ ಹೂಳೆತ್ತಿದ ಕೆರೆಯಿಂದ ಆ ಲಾಭ ಪಡೆದವರು, ಅದೇ ಕೆರೆಗೆ ಇತರರು ಬಾರದಿರಲಿ ಎಂದು ಕೇಳುವುದಕ್ಕೆ ನ್ಯಾಯದ ನೆಲೆ ನನಗೆ ಕಾಣುವುದಿಲ್ಲ.

ಆಯ್ಕೆ: ಬೆಳಿಗ್ಗೆ, ಸಂಜೆ ಮಾತ್ರ ಗೇಟು ತೆರೆಯುವುದು

ಬೆಂಗಳೂರಿನ ಬಹಳಷ್ಟು ಕೆರೆಗಳಲ್ಲಿ ಈಗ ನಡೆಯುತ್ತಿರುವುದು ಇದೇ. ಸುತ್ತ ಬೇಲಿ, ಒಂದೆರಡು ಗೇಟು, ಬೆಳಿಗ್ಗೆ ಕೆಲವು ತಾಸು, ಸಂಜೆ ಕೆಲವು ತಾಸು. ಮೈಸೂರಿನ ಕುಕ್ಕರಹಳ್ಳಿ ಕೆರೆಯದೂ ಇಂಥದೇ ಏರ್ಪಾಟು, ಆದರೆ ಅದು ವಿಶ್ವವಿದ್ಯಾಲಯದ ಆವರಣಕ್ಕೆ ಸೇರಿದ ಕೆರೆ. ಮನೆಗಳ ನಡುವಿನ ಕೆರೆಗೆ ಅದನ್ನು ಮಾದರಿ ಮಾಡಿಕೊಳ್ಳಲಾಗದು.

ಇದರ ಅನುಕೂಲಗಳು ಕಡಿಮೆಯೇನಲ್ಲ. ರಾತ್ರಿ ಕುಡಿದು ಬಾಟಲಿ ಒಡೆಯುವುದು, ಕಟ್ಟಡದ ಅವಶೇಷ ತಂದು ಸುರಿಯುವುದು ತಗ್ಗುತ್ತದೆ. ಅವಶೇಷದ ಲಾರಿಗಳಿಗಂತೂ ಗೇಟಿಗಿಂತ ಒಳ್ಳೆಯ ತಡೆ ಇಲ್ಲ. ಗೃಹರಕ್ಷಕ ದಳದವರೊಬ್ಬರನ್ನು ನೇಮಿಸಿದ ಕಡೆ ದೂರು ಹೇಳಿಕೊಳ್ಳಲು ಒಬ್ಬರು ಎದುರಿಗೆ ಇರುತ್ತಾರೆ. ಹಕ್ಕಿಗಳಿಗೆ ನಡುಹಗಲ ನಿಶ್ಶಬ್ದ ಸಿಗುತ್ತದೆ. ಮನೆಯವರು ರಾತ್ರಿ ನೆಮ್ಮದಿಯಾಗಿ ಮಲಗುತ್ತಾರೆ.

ಆದರೆ ಈ ವೇಳಾಪಟ್ಟಿ ಯಾರ ದಿನಚರಿಗೆ ಹೊಂದುತ್ತದೆ ಎಂದು ನೋಡಿ. ಒಂಬತ್ತರ ಹೊತ್ತಿಗೆ ಕಚೇರಿಗೆ ಹೋಗುವವರಿಗೆ, ನಿವೃತ್ತರಿಗೆ ಹೊಂದುತ್ತದೆ. ಮಕ್ಕಳನ್ನು ಶಾಲೆಗೆ, ಗಂಡನನ್ನು ಕೆಲಸಕ್ಕೆ ಕಳಿಸಿ, ಅಡುಗೆ ಪಾತ್ರೆ ಮುಗಿಸಿ ಹನ್ನೊಂದಕ್ಕೆ ಬಿಡುವಾಗುವ ಗೃಹಿಣಿಗೆ ಗೇಟು ಮುಚ್ಚಿರುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಮುಚ್ಚಿರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಏರಿ ಎಂಬುದು ಮೊದಲಿನಿಂದಲೂ ಊರಿಂದ ಊರಿಗೆ ಹೋಗುವ ದಾರಿಯಾಗಿತ್ತು. ಕೆರೆಯ ಈಚೆ ದಡದ ಹಳ್ಳಿಯಲ್ಲಿದ್ದು, ಆಚೆ ದಡದ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಎರಡು ಮೂರು ಬಾರಿ ಅದರ ಮೇಲೆ ನಡೆಯುತ್ತಾರೆ. ಬೀಗ ಬಿದ್ದ ಹೊತ್ತಿನಲ್ಲಿ ಅವರು ಲಾರಿ, ಟ್ಯಾಂಕರುಗಳ ರಸ್ತೆಯಲ್ಲಿ ಸುತ್ತಿಹೋಗಬೇಕು. ಬಡಾವಣೆಯ ಸುರಕ್ಷತೆಯ ಲೆಕ್ಕದಲ್ಲಿ ಆ ರಸ್ತೆಯ ಅಪಾಯವೂ ಸೇರಬೇಕು.

ಮೇವಿಗೆ ಹುಲ್ಲು ಕೊಯ್ಯುವವರು, ಮೀನು ಹಿಡಿಯುವವರು, ಬಟ್ಟೆ ಒಗೆಯುವವರು ಕೆರೆಯ ಹಳೆಯ ಹಕ್ಕುದಾರರು. ಅವರಿಗೆ ಗೇಟಿನಲ್ಲಿ ಎದುರಾಗುವುದು ವೇಳಾಪಟ್ಟಿಗಿಂತ ಕಾವಲುಗಾರನ ಪ್ರಶ್ನೆ. ಓಟದ ಬೂಟು ಹಾಕಿದವರನ್ನು ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲ. ಕುಡುಗೋಲು, ಗೋಣಿಚೀಲ ಹಿಡಿದವರನ್ನು ಕೇಳುತ್ತಾರೆ. ಇದನ್ನು ತಪ್ಪಿಸಬಹುದು ಎಂಬುದಕ್ಕೆ ನಮ್ಮಲ್ಲೇ ಉದಾಹರಣೆಗಳಿವೆ. ಸರ್ಜಾಪುರ ರಸ್ತೆಯ ಕೈಕೊಂಡರಹಳ್ಳಿ ಕೆರೆಯ ಪುನಶ್ಚೇತನದ ಹೊತ್ತಿನಿಂದಲೇ ಹುಲ್ಲು ಕೊಯ್ಯುವವರಿಗೂ ಜಾಗ ಉಳಿಯಿತು, ಪಕ್ಕದ ಸರ್ಕಾರಿ ಶಾಲೆಯ ಮಕ್ಕಳಿಗೂ ಕೆರೆ ತಮ್ಮದಾಯಿತು. ಸುಮಾರು 160 ಎಕರೆಯ ಜಕ್ಕೂರು ಕೆರೆಯಲ್ಲಿ ಮೀನುಗಾರರು, ಸೊಪ್ಪು ಹುಲ್ಲು ಕೊಯ್ಯುವವರು, ಹಕ್ಕಿ ನೋಡುವವರು ಒಂದೇ ನೀರನ್ನು ಹಂಚಿಕೊಂಡಿದ್ದಾರೆ.

ನಿಮ್ಮ ಕೆರೆಗೆ ವೇಳಾಪಟ್ಟಿ ಬೇಕೇ ಬೇಕು ಎಂದಾದರೆ ಹೀಗೆ ಮಾಡಿ. ರಾತ್ರಿ ಮಾತ್ರ ಮುಚ್ಚಿ, ನಡುಹಗಲು ಮುಚ್ಚಬೇಡಿ. ಬೆಂಗಳೂರಿನ ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆಯಬೇಕೆಂದು 2024ರಲ್ಲಿ ತೀರ್ಮಾನವಾಯಿತು. ಕೆರೆಗೆ ರಾತ್ರಿ 10 ಬೇಡ, ಕತ್ತಲಾದ ಮೇಲೆ ಅದು ಹಕ್ಕಿಗಳದು. ಆದರೆ ಬೆಳಗಿನಿಂದ ಕತ್ತಲಾಗುವವರೆಗೆ ಎಡೆಬಿಡದೆ ತೆರೆದಿಡಲು ಅಡ್ಡಿಯೇನೂ ಇಲ್ಲ. ಏರಿಯ ಮೇಲಿನ ಹಾದುಹೋಗುವ ದಾರಿಯನ್ನು ಈ ವೇಳಾಪಟ್ಟಿಯಿಂದಲೇ ಹೊರಗಿಡಿ. ಅದಕ್ಕೆ ಎರಡೂ ತುದಿಗೆ ದ್ವಿಚಕ್ರ ವಾಹನ ನುಗ್ಗದಂಥ ಕಂಬಗಳಿದ್ದರೆ ಸಾಕು, ಗೇಟು ಬೇಡ. ಕಂಬಗಳ ನಡುವೆ ಗಾಲಿಕುರ್ಚಿ ಹೋಗುವಷ್ಟು ಜಾಗ ಬಿಡುವುದನ್ನು ಗುತ್ತಿಗೆದಾರರು ಮರೆಯುತ್ತಾರೆ, ನೀವು ಮರೆಯಬೇಡಿ.

ಆಯ್ಕೆ: ಹಗಲೂ ರಾತ್ರಿ ತೆರೆದ ದಾರಿ

ಏರಿಯ ಮೇಲಿನ ಹಾದುಹೋಗುವ ದಾರಿ ಬಿಟ್ಟರೆ, ಇನ್ನೆರಡು ಕಡೆ ಮಾತ್ರ ಇದು ಸರಿ. ಒಂದು, ದಾರಿಗೆ ಅಂಗಡಿ, ಬಸ್ ನಿಲ್ದಾಣ, ದೇವಸ್ಥಾನ ತಾಗಿಕೊಂಡಿದ್ದು ರಾತ್ರಿಯೂ ಜನ ಸುಳಿದಾಡುವಂಥ ಜಾಗ. ಇನ್ನೊಂದು, ರಾಜಕಾಲುವೆಯ ಅಂಚು. ಕೋರಮಂಗಲ ಕಣಿವೆಯ ಕೆ-100 ಯೋಜನೆಯಲ್ಲಿ ಕೊಳಚೆಯ ಕಾಲುವೆಯ ಪಕ್ಕದಲ್ಲೇ ನಡೆಯುವ ದಾರಿ ಬಂತು. ನಾತಕ್ಕೆ ಹೆದರಿ ಕಾಲುವೆಗೆ ಬೆನ್ನು ಮಾಡಿ ಕಟ್ಟಿಕೊಂಡಿದ್ದ ಮನೆಗಳ ಹಿತ್ತಿಲು, ಇದ್ದಕ್ಕಿದ್ದಂತೆ ಬೀದಿಯ ಮುಂಭಾಗವಾಯಿತು. ಇಂಥ ದಾರಿಗೆ ಗೇಟು ಹಾಕಿದರೆ ಅದು ದಾರಿಯಾಗಿಯೇ ಉಳಿಯುವುದಿಲ್ಲ. ಇಲ್ಲಿ ಮನೆಯವರಿಗೆ ಸಿಗಬೇಕಾದದ್ದು ಒಳ್ಳೆಯ ಬೆಳಕು, ಬೀಟ್ ಪೊಲೀಸರ ಸುತ್ತು, ಗೋಡೆಗೆ ಜಾಲರಿ ಹಾಕಿಕೊಳ್ಳಲು ನೆರವು.

ಜನವಸತಿ ಇಲ್ಲದ ಕಡೆಯ ದೊಡ್ಡ ಕೆರೆಗೆ ಹಗಲೂ ರಾತ್ರಿ ತೆರೆದ ಸುತ್ತುದಾರಿ ಬೇಡ. ಕಾವಲು ಕಷ್ಟ, ಬೆಳಕು ಹಾಕಿದರೆ ಕೆರೆಯ ಜೀವಿಗಳಿಗೆ ಹಿಂಸೆ.

ಆಯ್ಕೆ: ಅಪಾರ್ಟ್‌ಮೆಂಟಿಗೊಂದು ಸ್ವಂತ ಗೇಟು

ಕೆರೆಗೆ ತಾಗಿದ ವಸತಿ ಸಮುಚ್ಚಯಗಳು ತಮ್ಮ ಕಾಂಪೌಂಡಿನಿಂದ ನೇರವಾಗಿ ಒಂದು ಚಿಕ್ಕ ಬಾಗಿಲು ಕೇಳುತ್ತವೆ. ಹೊರಗಿನ ರಸ್ತೆ ಸುತ್ತಿ ಬರುವ ತೊಂದರೆ ತಪ್ಪುತ್ತದೆ, ಮುದುಕರಿಗೆ ಅನುಕೂಲ, ಹೆಚ್ಚು ಜನ ನಡೆದರೆ ಕೆರೆಗೂ ಕಣ್ಣುಗಳು ಹೆಚ್ಚುತ್ತವೆ ಎಂಬ ವಾದ ಮೇಲ್ನೋಟಕ್ಕೆ ಒಪ್ಪುವಂತಿದೆ. ಬಾಗಿಲು ಇರಲಿ ಎಂದು ನನಗೂ ಅನ್ನಿಸಬಹುದಿತ್ತು, ಅದು ಎರಡೂ ಕಡೆಗೆ ತೆರೆಯುವುದಾಗಿದ್ದರೆ. ಹಾಗೆ ತೆರೆಯುವುದಿಲ್ಲ. ಒಳಗಿನವರು ಕೆರೆಗೆ ಬರಬಹುದು, ಹೊರಗಿನವರು ಆ ಕಡೆಯಿಂದ ಕೆರೆಗೆ ಬರಲಾಗದು. ಕ್ರಮೇಣ ಆ ಬಾಗಿಲ ಮುಂದಿನ ತುಂಡು ಜಾಗದಲ್ಲಿ ಹೂಕುಂಡ ಬರುತ್ತದೆ, ಬೆಂಚು ಬರುತ್ತದೆ, ಆಮೇಲೆ “ನಿವಾಸಿಗಳಿಗೆ ಮಾತ್ರ” ಎಂಬ ಫಲಕ ಬರುತ್ತದೆ.

ಒಂದು ದಾರಿ ಇದೆ. ಸಮುಚ್ಚಯ ತನ್ನ ಪಕ್ಕದಲ್ಲಿ, ತನ್ನ ಜಾಗದಲ್ಲೇ, ರಸ್ತೆಯಿಂದ ಕೆರೆಯವರೆಗೆ ಎರಡು ಮೂರು ಮೀಟರು ಅಗಲದ ಓಣಿಯನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟು, ಆ ಓಣಿಗೆ ತನ್ನ ಬಾಗಿಲನ್ನು ಇಟ್ಟುಕೊಳ್ಳಲಿ. ಹಾಗಾದರೆ ಒಂದು ಖಾಸಗಿ ಗೇಟಿನ ಬದಲು ಊರಿಗೊಂದು ಹೊಸ ಗೇಟು ಸಿಕ್ಕಂತಾಗುತ್ತದೆ. ಇದಕ್ಕೆ ಒಪ್ಪುವ ಸಮುಚ್ಚಯಕ್ಕೆ ಬಾಗಿಲು ಕೊಡಿ. ಒಪ್ಪದಿದ್ದರೆ ಬೇಡ.

ಆಯ್ಕೆ: ಗುತ್ತಿಗೆ, ಟಿಕೆಟು

ಇದನ್ನು ಬೆಂಗಳೂರು ಮಾಡಿ ನೋಡಿದೆ. ಕೆರೆ ಅಭಿವೃದ್ಧಿ ಪ್ರಾಧಿಕಾರ ಹೆಬ್ಬಾಳ, ನಾಗವಾರ, ಅಗರ, ವೆಂಗಯ್ಯನ ಕೆರೆಗಳನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಡಲು ಹೊರಟಿತು. ನಾಗವಾರದಲ್ಲಿ ಟಿಕೆಟಿನ ಮನರಂಜನಾ ತಾಣ ಎದ್ದಿತು. ಇದನ್ನು ಪ್ರಶ್ನಿಸಿ 2008ರಲ್ಲಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆ ಹೈಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲರ ನೇತೃತ್ವದ ಸಮಿತಿ ಕೆರೆಗಳ ರಕ್ಷಣೆಗೆ ವರದಿ ಕೊಟ್ಟಿತು, 2012ರ ಏಪ್ರಿಲ್‌ನಲ್ಲಿ ತೀರ್ಪು ಬಂತು. 2020ರಲ್ಲಿ ಕೆರೆಗಳ ವಿಷಯದಲ್ಲಿ ಖಾಸಗಿ ಕಂಪನಿಗಳೊಂದಿಗೆ ಹೊಸ ಒಪ್ಪಂದ ಮಾಡಿಕೊಳ್ಳದಂತೆಯೂ ನ್ಯಾಯಾಲಯ ತಡೆಯಿತು.

ಟಿಕೆಟಿನ ಪರ ಇರುವ ವಾದ ನಿರ್ವಹಣೆಯ ಹಣದ್ದು. ಹತ್ತಿಪ್ಪತ್ತು ರೂಪಾಯಿ ದೊಡ್ಡದೇ ಎಂದು ಕೇಳುತ್ತಾರೆ. ದಿನಕ್ಕೆರಡು ಬಾರಿ ಹಾದುಹೋಗುವವರಿಗೆ ದೊಡ್ಡದು. ಈ ಆಯ್ಕೆಯನ್ನು ಸಭೆಯ ಪಟ್ಟಿಯಿಂದಲೇ ತೆಗೆಯಿರಿ.

ನಿರ್ವಹಣೆಗೆ ಬೇರೆ ಮಾದರಿ ಜೆ.ಪಿ. ನಗರದ ಪುಟ್ಟೇನಹಳ್ಳಿಯಲ್ಲಿದೆ. ಸುಮಾರು 13 ಎಕರೆಯ ಆ ಕೆರೆಯನ್ನು ನೋಡಿಕೊಳ್ಳಲು ಅಕ್ಕಪಕ್ಕದ ನಿವಾಸಿಗಳ ಟ್ರಸ್ಟೊಂದು 2011ರಲ್ಲಿ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಕೆರೆ ಸಾರ್ವಜನಿಕವಾಗಿಯೇ ಉಳಿಯಿತು, ಕಸ ಕಳೆ ನೋಡಿಕೊಳ್ಳಲು ಊರಿನ ಕೈಗಳು ಸಿಕ್ಕವು.

ಆಯ್ಕೆ: ಅರ್ಧ ಸುತ್ತು

ನಾನು ಗಟ್ಟಿಯಾಗಿ ಸಮರ್ಥಿಸುವುದು ಇದನ್ನು. ಏರಿಯ ಮೇಲೆ ಮತ್ತು ಜನವಸತಿ ದಟ್ಟವಾಗಿರುವ ಒಂದು ಬದಿಯಲ್ಲಿ ಮಾತ್ರ ದಾರಿ ಮಾಡುವುದು. ನೀರು ಒಳಬರುವ ಕಡೆಯ ತೆಳುನೀರು, ಜೊಂಡು, ಕೆಸರನ್ನು ಹಾಗೆಯೇ ಬಿಡುವುದು.

ಪೂರ್ತಿ ಸುತ್ತುದಾರಿಗೆ ಜನ ಹಂಬಲಿಸುತ್ತಾರೆ, ಎಷ್ಟು ಸುತ್ತು ನಡೆದೆ ಎಂದು ಎಣಿಸಲು ಅದು ಚೆನ್ನ. ಆದರೆ ಸುತ್ತು ಪೂರ್ತಿಯಾಗಬೇಕಾದರೆ ಒಳಹರಿವಿನ ಕಡೆಯೂ ದಿಬ್ಬ ಏರಿಸಬೇಕು. ಆಗ ಮಳೆನೀರು ಕೆರೆಗೆ ಹರಿಯಲು ತಡೆಯಾಗುತ್ತದೆ, ಹಿಂದಿನ ತಗ್ಗು ಬಡಾವಣೆಗೆ ನೀರು ನುಗ್ಗುತ್ತದೆ. ತೆಳುನೀರಿನಲ್ಲಿ ಮೇಯುವ ಹಕ್ಕಿಗಳಿಗೆ ನೆಲೆ ತಪ್ಪುತ್ತದೆ. ಮತ್ತೆ ಆ ಕೊನೆಯ ತುಂಡೇ ಸಾಮಾನ್ಯವಾಗಿ ಅತ್ಯಂತ ನಿರ್ಜನ. ಕುಡುಕರು ಸೇರುವುದು, ಸರ ಕಸಿಯುವವರು ಕಾಯುವುದು ಅಂಥ ಕಡೆಯಲ್ಲೇ. ದಾರಿಯನ್ನು ಅಲ್ಲಿ ಮಾಡದೆ ಬಿಟ್ಟರೆ ಹಕ್ಕಿಗಳಿಗೆ ಜಾಗ, ಆ ಬದಿಯ ಮನೆಗಳಿಗೆ ನೆಮ್ಮದಿ, ಕಾವಲಿಗೆ ಕಡಿಮೆ ಉದ್ದ, ಈ ಮೂರೂ ಒಂದೇ ನಿರ್ಧಾರದಿಂದ ಸಿಗುತ್ತವೆ.

ಬಾಕಿ ಇರುವ ದಾರಿಯನ್ನು ಧಾರಾಳವಾಗಿ ತೆರೆಯಿರಿ. ಸುಮಾರು ಮುನ್ನೂರು ಮೀಟರಿಗೊಂದು ಗೇಟು ಇರಲಿ. ಬೇಲಿ ಮುರಿದು ಜನ ನುಸುಳುವ ಕಡೆಗಳನ್ನು ನೋಡಿ ಗುರುತು ಹಾಕಿಕೊಳ್ಳಿ, ಗೇಟು ಬೇಕಾಗಿರುವುದು ಅಲ್ಲಿಯೇ. ಕಾಂಕ್ರೀಟು ಹಾಸಬೇಡಿ, ಗರಸು ಮಣ್ಣಿನ ದಾರಿ ಮೊಣಕಾಲಿಗೂ ಒಳ್ಳೆಯದು, ನೀರೂ ಇಂಗುತ್ತದೆ. ಗಾಲಿಕುರ್ಚಿಗೆ, ಊರುಗೋಲಿನವರಿಗೆ ಏರಿಯ ಭಾಗವನ್ನಾದರೂ ಗಟ್ಟಿಯಾಗಿ, ಸಮತಟ್ಟಾಗಿ ಮಾಡಿಸಿ. ದೀಪಗಳು ಎತ್ತರದ ಕಂಬದಿಂದ ನೀರಿನ ಮೇಲೆ ಬೀಳದೆ, ತಗ್ಗಾಗಿ, ನೆಲಕ್ಕೆ ಮುಖ ಮಾಡಿ, ದಾರಿಗಷ್ಟೇ ಬೆಳಕು ಕೊಡಲಿ.

ಈ ಆಯ್ಕೆಗೂ ತೊಂದರೆ ಇದೆ. ದಾರಿ ಬಂದ ಬದಿಯ ಮನೆಯವರು, ನಮಗೆ ಮಾತ್ರ ಗದ್ದಲ, ಆ ಕಡೆಯವರಿಗೆ ಮೌನ ಎಂದು ಕೇಳುತ್ತಾರೆ. ಅವರ ಮಾತು ಸರಿ. ಗಿಡಸಾಲು, ಜಾಲರಿ, ದೀಪಗಳ ಹಣವನ್ನು ಮೊದಲು ಆ ಬದಿಗೇ ಮೀಸಲಿಟ್ಟು, ಅದನ್ನು ಯೋಜನೆಯ ಅಂದಾಜು ಪಟ್ಟಿಯಲ್ಲೇ ಬರೆಸಿದರೆ ಅವರ ವಿರೋಧಕ್ಕೆ ತಕ್ಕ ಉತ್ತರ ಕೊಟ್ಟಂತಾಗುತ್ತದೆ.

ನಿಮ್ಮ ಕೆರೆ ಯಾವುದು?

ನಾಲ್ಕೂ ಕಡೆ ಮನೆಗಳಿರುವ ಹತ್ತು ಹದಿನೈದು ಎಕರೆಯ ಚಿಕ್ಕ ಕೆರೆಯಾದರೆ, ರಾತ್ರಿ ಮಾತ್ರ ಮುಚ್ಚುವ ಗೇಟುಗಳು ಹೊಂದುತ್ತವೆ. ಎಲ್ಲ ಕಡೆಯಿಂದಲೂ ಕಿಟಕಿಗಳ ಕಣ್ಣಿರುವುದರಿಂದ ಹಗಲಿಗೆ ಕಾವಲಿನ ಅಗತ್ಯ ಕಡಿಮೆ. ನಲವತ್ತು ಐವತ್ತು ಎಕರೆಯ, ಒಂದು ಬದಿಗೆ ಹಳ್ಳಿ, ಇನ್ನೊಂದು ಬದಿಗೆ ಅಪಾರ್ಟ್‌ಮೆಂಟು ಇರುವ ಕೆರೆಯಾದರೆ ಅರ್ಧ ಸುತ್ತು, ಏರಿಯ ಮೇಲೆ ಸದಾ ತೆರೆದ ದಾರಿ. ನೂರು ಎಕರೆ ಮೀರಿದ ಕೆರೆಗೆ ಒಂದೇ ನಿಯಮ ಸಾಲದು, ದಡದ ಒಂದೊಂದು ತುಂಡಿಗೂ ಬೇರೆ ತೀರ್ಮಾನ ಬೇಕು. ಮೀನುಗಾರಿಕೆಯ ಗುತ್ತಿಗೆ ಇದ್ದರೆ ಆ ಗುತ್ತಿಗೆದಾರರನ್ನೂ, ಅವರ ಬಳಿ ಕೂಲಿಗೆ ಬಲೆ ಹಾಕುವವರನ್ನೂ ಸಭೆಗೆ ಕರೆಯಿರಿ. ಮುಂಜಾವಿನ ಮೊದಲು ಕೆರೆಯಲ್ಲಿ ಇರುವವರು ಅವರೇ.

ಅರ್ಜಿ ಬರೆಯುವ ಮೊದಲು ಕೆರೆ ಯಾರ ಸುಪರ್ದಿಯಲ್ಲಿದೆ ಎಂದು ತಿಳಿದುಕೊಳ್ಳಿ. ಪಾಲಿಕೆಯದೇ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ್ದೇ (ಬಿಡಿಎ), ಅರಣ್ಯ ಇಲಾಖೆಯದೇ, ಸಣ್ಣ ನೀರಾವರಿ ಇಲಾಖೆಯದೇ ಎಂಬುದು ಕೆರೆಯಿಂದ ಕೆರೆಗೆ ಬೇರೆ. 2025ರ ಸೆಪ್ಟೆಂಬರ್‌ನಲ್ಲಿ ನಗರಕ್ಕೆ ಐದು ಪಾಲಿಕೆಗಳಾದ ಮೇಲೆ ಹಳೆಯ ಕಚೇರಿಯ ವಿಳಾಸ ನಂಬಿ ಹೋದರೆ ಓಡಾಟವೇ ಆದೀತು. ಅರ್ಜಿಯಲ್ಲಿ “ಸೂಕ್ತ ಕ್ರಮ ಕೈಗೊಳ್ಳಿ” ಎಂದು ಬರೆಯಬೇಡಿ. ಯಾವ ಗೇಟು, ಎಷ್ಟು ಗಂಟೆಗೆ ತೆರೆಯಬೇಕು, ಕೀಲಿ ಯಾರ ಬಳಿ, ಅವರು ಬಾರದ ದಿನ ಎರಡನೆಯ ಕೀಲಿ ಯಾರ ಬಳಿ, ಹುಲ್ಲು ಕೊಯ್ಯಲು ಯಾವ ಭಾಗ, ತುರ್ತಿಗೆ 112 ಸಂಖ್ಯೆಯ ಜೊತೆಗೆ ಪ್ರತಿ ಗೇಟಿಗೂ ಒಂದು ಗುರುತಿನ ಸಂಖ್ಯೆ ಎಂದು ಬಿಡಿಬಿಡಿಯಾಗಿ ಬರೆಯಿರಿ. ಕತ್ತಲಲ್ಲಿ ಪೊಲೀಸರಿಗೆ ಕರೆ ಮಾಡಿದವರು “ಕೆರೆಯ ಹತ್ತಿರ” ಎಂದರೆ ಅವರು ಎರಡು ಕಿಲೋಮೀಟರು ಹುಡುಕಬೇಕು, “ಮೂರನೇ ಗೇಟು” ಎಂದರೆ ನೇರವಾಗಿ ಬರುತ್ತಾರೆ.

ಕೊನೆಗೆ, ತೀರ್ಮಾನಕ್ಕೆ ಆರು ತಿಂಗಳ ಅವಧಿ ಹಾಕಿ. ಅಷ್ಟರಲ್ಲಿ ಠಾಣೆಯಲ್ಲಿ ದಾಖಲಾದ ದೂರುಗಳೆಷ್ಟು, ದಾರಿಯಲ್ಲಿ ನಡೆಯುವ ಹೆಂಗಸರೂ ಮಕ್ಕಳೂ ಯಾವ ಹೊತ್ತಿಗೆ ಎಷ್ಟು, ಹುಲ್ಲು ಕೊಯ್ಯುವವರು ಈಗಲೂ ಬರುತ್ತಿದ್ದಾರೆಯೇ, ಯಾವ ಗೇಟಿನ ಬೀಗ ಎಷ್ಟು ದಿನ ತೆರೆಯಲೇ ಇಲ್ಲ ಎಂದು ಬರೆದಿಡಿ. ದಾರಿ ತೆರೆದಿರಲಿ ಎಂದವರಲ್ಲಿ ಒಬ್ಬರು, ಬೀಗ ಬೇಕೆಂದವರಲ್ಲಿ ಒಬ್ಬರು ಸೇರಿ ಈ ಲೆಕ್ಕ ಇಡಲಿ. ಆರು ತಿಂಗಳ ನಂತರದ ಸಭೆಯಲ್ಲಿ ಆ ಪುಸ್ತಕವನ್ನೇ ಓದಿ, ವೇಳೆಯನ್ನು ಹೆಚ್ಚಿಸಬೇಕೋ ತಗ್ಗಿಸಬೇಕೋ ಎಂದು ಮತ ಹಾಕಿ.